ತವರಿಗೆ ಹೊರಟ ಕಾರು, ನನ್ನ ತಾಮ್ರದ ಹಂಡೆ

ಕೆಲವು ಮನೆಗಳಲ್ಲಿ ಭೂತದ ಕಾಟ ಇರುತ್ತದೆ. ನಮ್ಮ ಮನೆಯಲ್ಲಿದ್ದದ್ದು ಸಣ್ಣ ರಿಪೇರಿಯ ಕಾಟ. ಭೂತವಾದರೆ ವರ್ಷಕ್ಕೊಮ್ಮೆ ಕೋಲ ಕೊಟ್ಟರೆ ಸುಮ್ಮನಾಗುತ್ತದೆ. ಇದಕ್ಕೆ ದಿನವೂ ಏನಾದರೊಂದು ಕೊಡುತ್ತಲೇ ಇರಬೇಕಿತ್ತು.

ಆಗ ಯುದ್ಧದ ಕಾಲ. ನಮ್ಮ ಯಜಮಾನರು ಕುಂದಾಪುರದಲ್ಲಿ ವಕೀಲರು. ಘಟ್ಟದ ಮೇಲಿನ ತೋಟದ ದೊರೆಯೊಬ್ಬ ಓಡಿಸಿ ಬಿಟ್ಟ ಹಳೆಯ ಕಾರೊಂದನ್ನು ಬ್ರಹ್ಮಾವರದ ಅವರ ಕಕ್ಷಿಗಾರರೊಬ್ಬರು ತೆಗೆದುಕೊಂಡು, ಸಾಕಾಗಿ, ಇವರ ಕೊರಳಿಗೆ ಕಟ್ಟಿದರು. ಕೇಸು ಗೆದ್ದುಕೊಟ್ಟದ್ದಕ್ಕೆ ಅವರ ಉಪಕಾರ ಸ್ಮರಣೆ ಎಂದು ಇವರು ಹೇಳುತ್ತಿದ್ದರು. ಕೇಸು ಸೋತಿರಬೇಕು ಎಂದು ನನಗೆ ಇವತ್ತಿಗೂ ಗುಮಾನಿ. ಮೇಲೆ ಮಡಚುವ ಕ್ಯಾನ್ವಾಸಿನ ಮಾಡು, ಗಾಡಿಯ ಚಕ್ರದ ಹಾಗೆ ಮರದ ಕಡ್ಡಿಗಳಿರುವ ಚಕ್ರ, ಮುಂದೆ ತಿರುಗಿಸಲು ಒಂದು ಕಬ್ಬಿಣದ ಹ್ಯಾಂಡಲು. ಆ ಹ್ಯಾಂಡಲು ತಿರುಗಿಸಿದವರಿಗೆ ತೋಳು ಊದುತ್ತಿತ್ತೇ ಹೊರತು ಕಾರಿಗೆ ಏನೂ ಆಗುತ್ತಿರಲಿಲ್ಲ.

ಕಾರು ಬಂದರೆ ಬರಲಿ, ಮೂಲೆಯಲ್ಲಿ ಬಿದ್ದಿರಲಿ ಎಂದು ನಾನು ಸುಮ್ಮನಿರುತ್ತಿದ್ದೆ. ಆದರೆ ಬೈಂದೂರಿನಲ್ಲಿ ನನ್ನ ತವರು. ಅಲ್ಲಿ ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಕಾರು ಬಂದ ವರ್ಷ ತವರಿನಲ್ಲಿ ಒಂದು ಪೂಜೆಗೆ ಹೋಗುವುದಿತ್ತು. ಕಾರು ಹೊರಡಲಿಲ್ಲ. ಎತ್ತಿನ ಗಾಡಿಯಲ್ಲಿ ಹೋಗಿ ಇಳಿದೆ. ತುಂಬಿದ ಅಂಗಳದಲ್ಲಿ ಅತ್ತಿಗೆ ಬಾಯಿಬಿಟ್ಟು ಹೇಳಿದಳು: "ಕುಂದಾಪುರದರಿಗೆ ಕಾರ್ ಇತ್ತ್ ಅಂಬ್ರಲೆ! ಕಾಣಿ, ಅದಕ್ಕೆ ಎತ್ತ್ ಕಟ್ಕಂಡ್ ಬಂದಿರ್."

ಎಲ್ಲರೂ ನಕ್ಕರು. ನನ್ನ ತಾಯಿಯೂ ನಕ್ಕರು. ಆ ಹೊತ್ತಿಗೆ ನಾನು ಮನಸ್ಸಿನಲ್ಲೇ ಶಪಥ ಮಾಡಿದೆ. ಅಣ್ಣನ ಮಗಳ ಮದುವೆಗೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅದೇ ಅಂಗಳಕ್ಕೆ ಕಾರಿನಲ್ಲಿ ಬಂದು ಇಳಿಯದಿದ್ದರೆ ನಾನು ನಾನೇ ಅಲ್ಲ.

ಮನೆಗೆ ಬಂದು ಹೇಳಿದಾಗ ಇವರು ನಕ್ಕು, "ಅದಕ್ಕೆಂತ ಮಾರಾಯ್ತಿ, ಸಣ್ಣ ರಿಪೇರಿ ಇತ್ತ್ ಅಷ್ಟೇ. ಬೆಳಿಗ್ಗೆ ಬಿಚ್ಚಿರೆ ಮಧ್ಯಾಹ್ನ ಊಟದೊಳ್ಗೆ ಮುಗಿತ್ತ್" ಎಂದರು. ಯಾವ ವರ್ಷದ ಮಧ್ಯಾಹ್ನ ಎಂದು ಕೇಳಿಕೊಳ್ಳಬೇಕಿತ್ತು.

ಹಾರ್ನು ಹೊಲಿಸಿದ್ದು

ಮೊದಲು ಕೆಟ್ಟದ್ದು ಹಾರ್ನು. ಅದರ ರಬ್ಬರಿನ ಉಂಡೆ ಹರಿದಿತ್ತು. ಹಾರ್ನು ಬಿಚ್ಚಲು ಒಂದೇ ಒಂದು ತಿರುಪು. ಅದಕ್ಕೆ ತುಕ್ಕು ಹಿಡಿದಿತ್ತು. ಇವರು ಇಕ್ಕಳದಲ್ಲಿ ಹಿಡಿದು ತಿರುಚಿದರು. ತಿರುಪು ಬರಲಿಲ್ಲ, ಅದು ಕೂತಿದ್ದ ಪಟ್ಟಿ ಬಂತು. ಪಟ್ಟಿಯ ಸಂಗಡ ಎದುರಿನ ಗಾಜಿನ ಚೌಕಟ್ಟು ಬಂತು. ಚೌಕಟ್ಟಿಗೆ ಬಿಗಿದಿದ್ದ ಕ್ಯಾನ್ವಾಸಿನ ಮಾಡು ಹಿಂದಕ್ಕೆ ಬಿತ್ತು. ಅಲ್ಲಿಗೆ ಊಟದ ಹೊತ್ತಾಯಿತು. ಇವರು ಹೇಳಿದ ಮಾತಿನಲ್ಲಿ ನಿಜವಾದದ್ದು ಅದೊಂದೇ.

ಯುದ್ಧ ಬೇರೆ, ರಬ್ಬರು ಎಲ್ಲಿಂದ ಬರಬೇಕು? ಯಕ್ಷಗಾನದ ಮೇಳಕ್ಕೆ ಮದ್ದಳೆ ಕಟ್ಟಿಕೊಡುವವನೊಬ್ಬನಿಂದ ಇವರು ಚರ್ಮದ ಉಂಡೆ ಹೊಲಿಸಿ ತಂದರು. ನೋಡಲು ಚೆನ್ನಾಗಿಯೇ ಇತ್ತು. ಅಮುಕಿದರು. ಮೊದಲು "ಪೋಂ" ಎನ್ನುತ್ತಿದ್ದದ್ದು ಈಗ ದನಿ ಎಳೆದು, ಕೊನೆಗೆ ಸ್ವಲ್ಪ ಅಳುತ್ತ, ಹಸಿದ ಕರುವಿನ ಹಾಗೆ ಕೂಗಿತು.

ಕೊಟ್ಟಿಗೆಯಲ್ಲಿದ್ದ ನಮ್ಮ ದನ ಕಟ್ಟಿದ ಹಗ್ಗ ಹರಿದುಕೊಂಡು ಬಂದು ಕಾರಿನ ಪಕ್ಕದಲ್ಲಿ ನಿಂತಿತು. ಮಡ್‌ಗಾರ್ಡನ್ನು ನೆಕ್ಕಿತು. ಎಳೆದರೂ ಹೋಗಲಿಲ್ಲ. ಕಾರಿನ ಮೇಲೆ ಪ್ರೀತಿ ಇಟ್ಟ ಎರಡನೆಯ ಪ್ರಾಣಿ ಅದು. ಅಲ್ಲಿಂದ ಮುಂದೆ ಹಾರ್ನಿನ ದನಿ ಕೇಳದೆ ಅದು ಹಾಲು ಇಳಿಸುವುದನ್ನೇ ಬಿಟ್ಟಿತು. ನಾನು ತಂಬಿಗೆ ಹಿಡಿದು ಕೊಟ್ಟಿಗೆಯಲ್ಲಿ ಕೂತು, "ಹ್ವಾಯ್, ಒಂಚೂರ್ ಹಾರ್ನ್ ಹಾಕಿ" ಎಂದು ಕೂಗಬೇಕು. ವಕೀಲರು ಕಕ್ಷಿಗಾರರನ್ನು ಬಿಟ್ಟು ಎದ್ದು ಅಂಗಳಕ್ಕೆ ಬಂದು ಅಮುಕಬೇಕು.

ಆ ಕಾರು ನಮ್ಮ ಮನೆಗೆ ಬಂದ ಮೇಲೆ ಮೊದಲು ಉಪಯೋಗಕ್ಕೆ ಬಂದದ್ದು ದನಕ್ಕೆ.

ಅಂಗಳದಲ್ಲಿ ಕೂತವರು

ಚೌಕಟ್ಟು ಮತ್ತು ಮಾಡು ಸರಿಮಾಡಲು ಒಬ್ಬ ಮೇಸ್ತ್ರಿ ಬಂದ. ಬಸ್ಸುಗಳ ಕೆಲಸ ಮಾಡಿ ಗೊತ್ತಿದ್ದವನು. ಬಂದವನೇ, "ಮಾಡ್ ಮತ್ತೆ ಕಾಂಬ, ಮೊದ್ಲ್ ಇಂಜಿನ್ ಕಾಂಬ" ಎಂದು ಮುಂಭಾಗವನ್ನೆಲ್ಲ ಬಿಚ್ಚಿ ಅಂಗಳದಲ್ಲಿ ಹರವಿದ. ಬೇಸಗೆಯಲ್ಲಿ ನಾನು ಹಪ್ಪಳ ಒಣಗಿಸುವ ಅಂಗಳ ಅದು. ಒಳ್ಳೆ ಬಿಸಿಲೆಲ್ಲ ಪಿಸ್ಟನ್ನಿಗೆ, ನನ್ನ ಹಪ್ಪಳಕ್ಕೆ ಬಾವಿಕಟ್ಟೆಯ ನೆರಳು.

ನಮ್ಮೂರಿನಲ್ಲಿ ಒಂದು ಪದ್ಧತಿ. ಬಿಸಿಲಲ್ಲಿ ಅಂಗಳಕ್ಕೆ ಬಂದವರು ಯಾರೇ ಆಗಲಿ, ಬಾಯಾರಿಕೆಗೆ ಬೆಲ್ಲ, ನೀರು ಕೊಟ್ಟೇ ಮಾತಾಡಿಸಬೇಕು. ಅದಕ್ಕೆ ನಾವು ಆಸ್ರಿ ಎನ್ನುತ್ತೇವೆ. ಪದ್ಧತಿ ಒಳ್ಳೆಯದೇ. ಆದರೆ ಅದನ್ನು ಮಾಡಿದವರ ಅಂಗಳದಲ್ಲಿ ಬಿಚ್ಚಿಟ್ಟ ಕಾರು ಇರಲಿಲ್ಲ. ಕೋಟದಿಂದ ಬಂದವರು, ಬಾರ್ಕೂರಿನಿಂದ ಬಂದವರು, ಕೋರ್ಟಿಗೆ ಬಂದವರು, ಮೀನು ಮಾರಿ ಹಿಂದಿರುಗುವವರು, ಎಲ್ಲರೂ ಬಂದು ನಿಂತರು. ಒಬ್ಬ ಒಂದು ಚಕ್ರ ಎತ್ತಿ ನೋಡಿ ಇಟ್ಟ. ಇನ್ನೊಬ್ಬ ಅದನ್ನು ತೆಗೆದು ಬೇರೆ ಕಡೆ ಇಟ್ಟ. ಎಲ್ಲರಿಗೂ ಅಭಿಪ್ರಾಯ ಇತ್ತು, ಎಲ್ಲರಿಗೂ ಬಾಯಾರಿಕೆಯೂ ಇತ್ತು. ರೇಷನ್ನಿನ ಕಾಲದಲ್ಲಿ ನಾನು ಬೆಲ್ಲ ಕುಟ್ಟಿ ಕುಟ್ಟಿ ಸಾಕಾದೆ.

ಅವರಲ್ಲಿ ಒಬ್ಬರು ಹಿರಿಯರು. ಬಿಳಿ ಪಂಚೆ, ಬಗಲಲ್ಲಿ ಕೊಡೆ. ಬೆಳಿಗ್ಗೆ ಬಂದು ಜಗಲಿಯ ತುದಿಯಲ್ಲಿ ಕೂತರೆ ಸಂಜೆ ಏಳುತ್ತಿದ್ದರು. ಹೆಚ್ಚು ಮಾತಿಲ್ಲ. ಮೇಸ್ತ್ರಿ ಏನಾದರೂ ಎತ್ತಿದರೆ ತಲೆ ಆಡಿಸುವರು. ಮೇಸ್ತ್ರಿ ಅದನ್ನು ಅಲ್ಲೇ ಬಿಟ್ಟು ಬೇರೆಯದನ್ನು ಎತ್ತುವನು. ಅವರು ಮೇಸ್ತ್ರಿಯ ಗುರುಗಳಿರಬೇಕು ಎಂದು ನಾನು ಬೆಲ್ಲದ ಬದಲು ಕಾಫಿಯನ್ನೇ ಕೊಟ್ಟೆ, ಆಮೇಲೆ ಊಟವನ್ನೂ ಹಾಕಿದೆ. ನಮ್ಮ ಯಜಮಾನರ ದೊಡ್ಡಪ್ಪನೋ ಏನೋ ಎಂದು ಮೇಸ್ತ್ರಿ ಅವರ ಎದುರು ಬೀಡಿ ಸೇದುತ್ತಿರಲಿಲ್ಲ. ಇವರೋ, ಅವರು ನನ್ನ ತವರಿನ ಕಡೆಯವರಿರಬೇಕು, ಮಾತಾಡಿಸದಿದ್ದರೆ ಆಮೇಲೆ ತನಗೆ ಕಷ್ಟ ಎಂದು ದಿನಾ ನಮಸ್ಕಾರ ಮಾಡುತ್ತಿದ್ದರು.

ಒಂದು ದಿನ ಮೇಸ್ತ್ರಿ ಇಂಜಿನ್ನನ್ನು ಜೋಡಿಸಿ ಹ್ಯಾಂಡಲು ತಿರುಗಿಸಿದ. ಏನೂ ಆಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಹಿರಿಯರ ಹತ್ತಿರ ಹೋಗಿ, "ನೀವಾರೂ ಒಂದ್ ಮಾತ್ ಹೇಳಿ. ಇದ್ ಹೊರಡತ್ತಾ ಇಲ್ಯಾ?" ಎಂದೆ.

ಅವರು ಕೊಡೆ ಬಗಲಿಗೆ ಇರುಕಿಕೊಂಡು ಎದ್ದರು. "ಅದ್ ನಂಗೆಂತ ಗೊತ್ತಮ್ಮ? ನಾನ್ ವಂಡ್ಸೆ ಬಸ್ಸಿಗ್ ಕಾಯ್ತಿದ್ದೆ. ನಿಮ್ಮ ಮನಿ ಎದ್ರೇ ನಿಲ್ಲತ್ತ್ ಅಂದಿರ್. ಪೆಟ್ರೋಲ್ ಇಲ್ದೆ ಬರ್ಲಿಲ್ಯೋ ಏನೋ. ಇನ್ನ್ ಕಾಯುದಿಲ್ಲೆ, ನಡ್ಕಂಡೇ ಹೋತೆ."

ಹೊರಟವರು ಗೇಟಿನಲ್ಲಿ ತಿರುಗಿ ನಿಂತು, ನಮ್ಮ ಮನೆಯ ಸಾರು ಚೆನ್ನಾಗಿತ್ತು, ಉಪ್ಪು ಮಾತ್ರ ಸ್ವಲ್ಪ ಮುಂದು ಎಂದರು.

ದೋಣಿ ಆಚಾರಿಯ ಕೈಗುಣ

ಇಂಜಿನ್ನಿನ ಒಂದು ತಿರುಪು ಸೀಟಿನ ಕೆಳಗೆ ಬಿದ್ದಿತು. ಹುಡುಕಲು ಸೀಟು ಎತ್ತಿದರು. ಕೆಳಗಿನ ಹಲಗೆ ಕೊಳೆತು ಕುಂಬಾಗಿ, ಕಾಲಿಟ್ಟರೆ ನೆಲ ಸಿಗುತ್ತಿತ್ತು. "ಸಣ್ಣ ರಿಪೇರಿ" ಎಂದರು ಇವರು. ಅವರ ಮುಖದಲ್ಲಿ ಸಂತೋಷವೇ ಕಾಣುತ್ತಿತ್ತು. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ಗಾಡಿಯ ಆಚಾರಿ ಸಿಗಲಿಲ್ಲ. ಇವರು ಗಂಗೊಳ್ಳಿಯಿಂದ ದೋಣಿ ಕಟ್ಟುವ ಆಚಾರಿಯನ್ನು ಕರೆತಂದರು. ಆತ ಒಳ್ಳೆಯ ಕೆಲಸಗಾರ, ಆ ಮಾತಿಗೆ ಎರಡಿಲ್ಲ. ಗಟ್ಟಿ ಹಲಗೆ ಕೂರಿಸಿದ. ಹಲಗೆಯ ಸಂದುಗಳಿಗೆಲ್ಲ ಹತ್ತಿ ತುರುಕಿ, ಉಳಿಯಿಂದ ಬಡಿದು, ಮೇಲೆ ಮೀನೆಣ್ಣೆ ಬಳಿದ. ಒಳಗೆ, ಹೊರಗೆ, ಬದಿಗೆ, ಎಲ್ಲಿ ಮರ ಕಂಡರೂ ಅಲ್ಲಿ ಬಳಿದ. ಊರಿನ ಬೆಕ್ಕುಗಳೆಲ್ಲ ಕಾರಿನ ಸುತ್ತ ಬಂದು ಕೂತವು. ನಮ್ಮ ದನ ಮಾತ್ರ ಮುಖ ತಿರುಗಿಸಿತು.

ಅದೇ ವಾರ ಮುಂಗಾರಿಗೆ ಮುಂಚಿನ ಗುಡುಗು ಮಳೆ ಬಂತು. ಮಾಡು ಇನ್ನೂ ಮೇಸ್ತ್ರಿಯ ಹತ್ತಿರವೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನಲ್ಲಿ ಸೀಟಿನ ಮಟ್ಟಕ್ಕೆ ನೀರು ನಿಂತಿದೆ. ಒಂದು ತೆಂಗಿನ ಗರಿ ತೇಲುತ್ತಿದೆ. ಇವರು ತಲೆಯ ಮೇಲೆ ಕೈಹೊತ್ತು ಆಚಾರಿಗೆ ಹೇಳಿಕಳಿಸಿದರು. ಆತ ಬಂದು, ಬಗ್ಗಿ, ಕಾರಿನ ಕೆಳಗೆಲ್ಲ ಕೈಯಾಡಿಸಿ ನೋಡಿದ.

"ಕಂಡ್ರಿಯಾ ವಕೀಲ್ರೆ! ಒಂದ್ ಹನಿ ಹೊರ್ಗ್ ಹೋಯ್ಲಿಲ್ಲೆ!"

"ನೀರ್ ತುಂಬಿತಲೆ ಮಾರಾಯ!" ಎಂದರು ಇವರು.

"ಒಳ್ಗಿನ್ ನೀರ್ ಹೊರ್ಗ್ ಹೋಪುದಿಲ್ಲೆ ಅಂದ್ರೆ, ಹೊರ್ಗಿನ್ ನೀರ್ ಒಳ್ಗ್ ಬತ್ತಾ? ನೀವೆಂತಕ್ಕೂ ಹೆದ್ರಬೇಡಿ. ಧೈರ್ಯದಲ್ಲ್ ಹೊಳಿಗೆ ಇಳ್ಸಿ."

ಇವರು ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಇವರು ಬಗ್ಗಿ ತಾವೂ ಕೈಯಾಡಿಸಿ ನೋಡಿ, "ಹೌದಲ್ದಾ!" ಎಂದರು. ಇಬ್ಬರೂ ಕೂತು ಅದನ್ನು ಹೊಗಳಿದರು. ನೀರು ಮೊಗೆದು ಚೆಲ್ಲಿದ್ದು ನಾನು.

ಹಂಡೆ

ಈಗ ಹೇಳುವುದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಪೆಟ್ರೋಲಿನ ಕೊಳವೆ ಸೋರುತ್ತದೆ ಎಂದು ಮೇಸ್ತ್ರಿ ಕಂಡುಹಿಡಿದ. ಕೊಳವೆ ಬಿಚ್ಚಲು ಟಾಂಕಿ ಇಳಿಸಿದರು. ಟಾಂಕಿಯೇ ತೂತು. ಹೇಗೂ ಪೆಟ್ರೋಲು ಕೂಪನ್ನಿಗೆ ಸಿಗುವುದು ಗುಟುಕಿನಷ್ಟು, ತೂತು ಮುಚ್ಚಿ ಪ್ರಯೋಜನ ಏನು ಎಂದು ಇಬ್ಬರೂ ಯೋಚಿಸಿದರು. ಬಸ್ಸುಗಳಿಗೆ ಮಾಡಿದ ಹಾಗೆ ಇದ್ದಿಲಿನ ಗ್ಯಾಸು ಕೂರಿಸುವುದೆಂದು ತೀರ್ಮಾನವಾಯಿತು. ಕಾರಿನ ಬೆನ್ನಿಗೆ ಒಂದು ಉದ್ದ ಒಲೆ ಬಂತು. ಅದರೊಳಗೆ ತೆಂಗಿನ ಗೆರಟೆಯ ಇದ್ದಿಲು ಉರಿಯಬೇಕು, ಹೊಗೆಯನ್ನು ಇನ್ನೊಂದು ಡಬ್ಬದಲ್ಲಿ ಒದ್ದೆ ನಾರಿನಿಂದ ಸೋಸಿ ಇಂಜಿನ್ನಿಗೆ ಬಿಡಬೇಕು. ನನ್ನ ಬಚ್ಚಲೊಲೆಗೆ ಕೂಡಿಟ್ಟ ಗೆರಟೆಯೆಲ್ಲ ಕಾರಿಗೆ ಹೋಯಿತು. ಹೋಗಲಿ ಎಂದೆ.

ಒಂದು ಸಂಜೆ ನೆರೆಮನೆಗೆ ಹೋಗಿ ಬಂದು ಬಚ್ಚಲಿಗೆ ಕಾಲಿಟ್ಟರೆ ಒಲೆಯ ಮೇಲೆ ಹಂಡೆ ಇಲ್ಲ.

ಅದು ನನ್ನ ಮದುವೆಯಲ್ಲಿ ತಾಯಿ ಕೊಟ್ಟ ತಾಮ್ರದ ಹಂಡೆ. ಕಂಠದ ಮೇಲೆ ತವರಿನ ಹೆಸರು ಕೊರೆದದ್ದು. ನಮ್ಮ ಕಡೆ ಹೆಣ್ಣಿನ ಸಂಗಡ ಬಂದ ಪಾತ್ರೆ ಗಂಡನ ಮನೆಯಲ್ಲೇ ಇರಬೇಕು. ಹೆಣ್ಣು ಹತ್ತು ಸಲ ತವರಿಗೆ ಹೋಗಿ ಬರಬಹುದು, ಪಾತ್ರೆ ಹೋಗುವ ಹಾಗಿಲ್ಲ. ಪಾತ್ರೆಯನ್ನೂ ತೆಗೆದುಕೊಂಡು ಹೋದಳು ಎಂದರೆ ಗಂಡನನ್ನು ಬಿಟ್ಟು ಹೋದಳು ಎಂದೇ ಅರ್ಥ.

ಅಂಗಳಕ್ಕೆ ಓಡಿದೆ. ನನ್ನ ಹಂಡೆ ಕಾರಿನ ಬೆನ್ನಿನ ಮೇಲೆ ಕೂತಿತ್ತು. ದೋಣಿ ಆಚಾರಿ ಅದಕ್ಕೆ ಮರದ ಮುಚ್ಚಳ ಹೊಂದಿಸಿ ಸಂದಿಗೆ ಹತ್ತಿ ತುರುಕುತ್ತಿದ್ದ.

"ಹ್ವಾಯ್, ಎಂತ ಇದ್?" ಎಂದೆ.

"ಹೊಗೆ ಸೋಸು ಡಬ್ಬಕ್ಕೆ ತುಕ್ಕ್ ಹಿಡ್ದಿತ್ತ್. ಇದ್ ತಾಮ್ರ, ತುಕ್ಕ್ ಹಿಡಿಯುದಿಲ್ಲೆ" ಎಂದರು ಇವರು, ನನಗೆ ಅದು ಗೊತ್ತಿರಲಿಲ್ಲ ಎಂಬಂತೆ.

"ಮೀವುದ್ ಹ್ಯಾಂಗೆ?"

"ಸೆಕೆಗಾಲಕ್ಕೆ ಬಿಸಿನೀರ್ ಎಂತಕ್ಕೆ ಮಾರಾಯ್ತಿ? ಹಂಡೆಗ್ ಒಂದ್ ತೂತೂ ಮಾಡ್ಲಿಲ್ಲೆ ಕಾಣ್. ಬೇಡ ಅಂದ್ರೆ ಈಗ್ಳೇ ಇಳ್ಸ್ತೆ. ಆದ್ರೆ ಬೈಂದೂರಿಗೆ ಎತ್ತಿನ ಗಾಡಿಯೇ ಸೈ."

ಅತ್ತಿಗೆಯ ಮುಖ ನೆನಪಾಯಿತು. ಮದುವೆಗೆ ಇನ್ನು ಉಳಿದದ್ದು ಕೆಲವೇ ದಿನ. ಹಲ್ಲು ಕಚ್ಚಿಕೊಂಡು ಒಳಗೆ ಬಂದೆ. ಅಂದಿನಿಂದ ನಮ್ಮ ಮನೆಯವರೆಲ್ಲ ತಣ್ಣೀರಲ್ಲಿ ಮಿಂದೆವು, ನಮ್ಮ ಕಾರು ಬೆಚ್ಚಗಿತ್ತು.

ಬೈಂದೂರಿನ ಅಂಗಳ

ಮದುವೆಯ ದಿನ ಕಾರು ಹೊರಟಿತು. ಸುಳ್ಳು ಹೇಳಬಾರದು, ನಿಜಕ್ಕೂ ಹೊರಟಿತು. ರೇಷ್ಮೆ ಸೀರೆ ಉಟ್ಟು, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ದಂಡೆ ಮುಡಿದು ನಾನು ಹಿಂದಿನ ಸೀಟಿನಲ್ಲಿ ಕೂತೆ. ಮೀನೆಣ್ಣೆಯ ವಾಸನೆಗೆ ಮಲ್ಲಿಗೆ ಸೋತಿತು. ಆದರೂ ಕೂತೆ.

ಊರು ದಾಟುವ ಮೊದಲೇ ಹೊಳೆ. ಆಗ ಅಲ್ಲಿ ಸೇತುವೆ ಇರಲಿಲ್ಲ. ಎರಡು ದೋಣಿ ಸೇರಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಕಾರು, ಬಸ್ಸುಗಳನ್ನು ದಾಟಿಸುತ್ತಿದ್ದರು. ಜಂಗಲಿನವನು ಕಾರಿನ ಹಿಂದೆ ಬಂದು ನೋಡಿ ಕೈ ಅಡ್ಡ ಹಿಡಿದ. "ಹ್ವಾಯ್, ಬೆಂಕಿ ಹಾಕ್ಕಂಡ್ ಜಂಗಲ್ ಹತ್ತುಕಾಗ. ನಂದಿಸಿ." ನಂದಿಸಿದೆವು. ಆಚೆ ದಡದಲ್ಲಿ ಮತ್ತೆ ಹೊತ್ತಿಸಬೇಕು. ಇದ್ದಿಲಿಗೆ ಗಾಳಿ ಹೊಡೆಯುವ ಚಕ್ರವನ್ನು ತಿರುಗಿಸುವವರು ಯಾರು? ಇವರು ಇಂಜಿನ್ನಿನ ಹತ್ತಿರ ಕಿವಿಗೊಟ್ಟು ಕೂರಬೇಕಂತೆ. ನಾನೇ ತಿರುಗಿಸಿದೆ.

ಮರವಂತೆಯಲ್ಲಿ ಕಡಲ ಗಾಳಿ ಬೀಸಿ ಹೊಗೆಯನ್ನೆಲ್ಲ ತಂದು ನನ್ನ ಮುಖಕ್ಕೆ ಎರಚಿತು. ಅಲ್ಲೇ ಒಂದು ಕೊಳವೆ ಸಡಿಲವಾಯಿತು. "ಸಣ್ಣ ರಿಪೇರಿ. ಕಟ್ಟುಕೆ ಎಂತಾರೂ ಇತ್ತಾ?" ಎಂದು ಇವರು ಸುತ್ತ ನೋಡಿ, ಕಡೆಗೆ ನನ್ನ ತಲೆ ನೋಡಿದರು. ಮಲ್ಲಿಗೆಯನ್ನು ಕಿತ್ತು, ಅದರ ಬಾಳೆನಾರು ತೆಗೆದು ಕಟ್ಟಿದರು. ಸಾಲಲಿಲ್ಲ. ನನ್ನ ಜಡೆಯ ಟೇಪೂ ಹೋಯಿತು. ಕಣ್ಣಲ್ಲಿ ನೀರು, ಕೆನ್ನೆಯಲ್ಲಿ ಮಸಿ, ಬೆವರಿಗೆ ಹಣೆಯ ಕುಂಕುಮ ಮೂಗಿನ ತನಕ ಇಳಿದಿತ್ತು. ಆದರೂ ಕಾರಿನಲ್ಲಿದ್ದೇನೆ ಎಂಬ ಒಂದು ಸಮಾಧಾನ ನನಗಿತ್ತು.

ತವರಿನ ಮನೆ ಕಣ್ಣಿಗೆ ಕಂಡಾಗ ಕಾರು ನಿಂತಿತು. "ನೀನ್ ಇಳ್ದ್ ಮುಂದೆ ನಡಿ, ಭಾರ ಕಮ್ಮಿ ಆತ್ತ್. ನಾನ್ ದೂಡ್ಕಂಡ್ ಬತ್ತೆ" ಎಂದರು.

ಮದುವೆ ಮನೆಯವರು ಕಂಡದ್ದು ಇಷ್ಟು. ಮುಂದೆ ತಲೆ ಕೆದರಿಕೊಂಡು, ಅತ್ತ ಕಣ್ಣಿನಲ್ಲಿ ಬರುತ್ತಿರುವ ಮನೆಯ ಹೆಣ್ಣು. ಅವಳ ಹಿಂದೆ, ತವರಿನ ಹೆಸರು ಕೊರೆದ ಹಂಡೆ. ಹಂಡೆಯ ಹಿಂದೆ, ತಲೆ ತಗ್ಗಿಸಿಕೊಂಡ ಗಂಡ. ಅವರ ಹಿಂದೆ ಬೈಂದೂರಿನ ಬೆಕ್ಕುಗಳು.

ವಾಲಗ ನಿಂತಿತು. ನನ್ನ ತಾಯಿ "ಅಯ್ಯೋ ಹೆಣೆ, ನನ್ನ ಮಗ್ಳೆ!" ಎಂದು ಕುಸಿದು ಕೂತರು. ಅತ್ತಿಗೆ ನಗಲಿಲ್ಲ. ಓಡಿ ಬಂದು ತಬ್ಬಿಕೊಂಡು, "ನೀನ್ ಎಂತದೂ ಹೇಳ್ಬೇಡ. ಇದ್ ನಿನ್ನ ಮನಿಯೇ. ಇಲ್ಲೇ ಇರ್" ಎಂದಳು. ನಕ್ಕಿದ್ದರೇ ವಾಸಿಯಿತ್ತು. ಹೊಗೆ ಕುಡಿದ ಗಂಟಲಿನಿಂದ ನನಗೆ ದನಿಯೇ ಹೊರಡಲಿಲ್ಲ. ಅದನ್ನೂ ಅವರು ದುಃಖ ಎಂದೇ ತಿಳಿದರು. ಅಣ್ಣ ಆಳುಗಳನ್ನು ಕರೆದು, "ಹೆಣ್ಣಿನ ಪಾತ್ರೆ ಅಂಗಳದಲ್ಲ್ ಇಪ್ಪುಕಾಗ" ಎಂದು ಹಂಡೆಯನ್ನು ಬಿಚ್ಚಿಸಿ ಒಳಗೆ ತರಿಸಿದ. ಅಡಿಗೆಯವರು ಅದನ್ನು ತಿಕ್ಕಿ ತೊಳೆದು, ನೀರು ತುಂಬಿ ಒಲೆಗೆ ಏರಿಸಿದರು.

ಊಟವಾದ ಮೇಲೆ ನಾಲ್ಕು ಮಂದಿ ಹಿರಿಯರು ಇವರನ್ನು ಜಗಲಿಯಲ್ಲಿ ನಡುವೆ ಕೂರಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಣ್ಣ ಮಾತು ಶುರು ಮಾಡಿದ.

"ಭಾವ, ನೀವ್ ಊರಿನರ ಜಗಳ ಬಿಡ್ಸುವರ್. ನಿಮ್ಗ್ ನಾವ್ ಹೇಳುಕಿಲ್ಲೆ. ಅವ್ಳೂ ಒಳ್ಗಿದ್ಲ್, ಹಂಡೆಯೂ ಒಳ್ಗಿತ್ತ್. ನಿಮ್ಗ್ ಎಂತ ಬೇಕ್, ಬಾಯ್ಬಿಟ್ಟ್ ಹೇಳಿ."

"ಹಂಡೆ" ಎಂದರು ಇವರು.

ಇವರು ಆಕಾಶ ನೋಡಿ ಅವಸರದಲ್ಲಿ ಸೇರಿಸಿದರು: "ಹಂಡೆ ಒಂದ್ ಕೊಟ್ರೆ ಸಾಕ್. ಅದಿಲ್ದೆ ನಾನ್ ಮನಿಗ್ ಹೋಪುಕಾಗ. ಕತ್ಲಿ ಆಪುದ್ರೊಳ್ಗೆ ಜಂಗಲ್ ದಾಟ್ಕ್."

ಹಿರಿಯರೊಬ್ಬರು ಮೆಲ್ಲಗೆ ಕೇಳಿದರು. "ಹೆಂಡ್ತಿ ಬೇಡ್ದಾ?"

ಇವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅವ್ಳಿಗೆಂತ ಆಯ್ತ್? ಅವ್ಳ್ ಸರಿ ಇದ್ಲಲೆ? ನಮ್ಮನಿಯಲ್ಲ್ ರಿಪೇರಿ ಇಲ್ದೆ ನಡೂದ್ ಅವ್ಳೊಬ್ಳೇ."

ನಾನು ಬಾಗಿಲು ನೂಕಿಕೊಂಡು ಹೊರಗೆ ಬಂದೆ. ಇಷ್ಟು ಹೊತ್ತು ಕಟ್ಟಿದ್ದ ಗಂಟಲು ಬಿಟ್ಟಿತು. ಹಾರ್ನಿನಿಂದ ಹಿಡಿದು ಜಡೆಯ ಟೇಪಿನ ತನಕ, ಅಷ್ಟನ್ನೂ ಆ ಜಗಲಿಯಲ್ಲಿ ನಿಂತು ಹೇಳಿದೆ. ಹೇಳಿ ಮುಗಿಯುವಾಗ ಹಿರಿಯರು ಹೊಟ್ಟೆ ಹಿಡಿದುಕೊಂಡಿದ್ದರು. ಅತ್ತಿಗೆ ಕಂಬಕ್ಕೆ ಒರಗಿ ಸೆರಗು ಬಾಯಿಗೆ ತುರುಕಿದ್ದಳು. ನನ್ನ ಶಪಥದ ಗತಿ ಅದಾಯಿತು.

ಹಂಡೆ ತೊಡೆಯ ಮೇಲೆ ಇಟ್ಟುಕೊಂಡು ನಾನು ಎತ್ತಿನ ಗಾಡಿಯಲ್ಲಿ ಹಿಂದಿರುಗಿದೆ. ಇವರು ಪಕ್ಕದಲ್ಲಿ ಕೂತಿದ್ದರು. ಕಾರು ಅಣ್ಣನ ಕೊಟ್ಟಿಗೆಯಲ್ಲಿ ಉಳಿಯಿತು.

ಮಳೆಗಾಲ ಕಳೆದ ಮೇಲೆ ತಾಯಿಯನ್ನು ನೋಡಲು ಮತ್ತೆ ಬೈಂದೂರಿಗೆ ಹೋದೆ. ಅಂಗಳದಲ್ಲಿ ಒಂದು ಗುಂಪು ಜನ. ನಡುವೆ ಕಾರು. ಕಾರಿನ ಅಡಿಯಿಂದ ನನ್ನ ಅಣ್ಣನ ಎರಡು ಪಾದ ಹೊರಗೆ ಚಾಚಿದ್ದವು. ಕೆನ್ನೆಯಲ್ಲಿ ಮಸಿ ಹತ್ತಿಸಿಕೊಂಡ ಅತ್ತಿಗೆ, ಬಂದವರಿಗೆಲ್ಲ ಬೆಲ್ಲ, ನೀರು ಹಂಚುತ್ತಿದ್ದಳು. ನನ್ನನ್ನು ಕಂಡು ಬೆಲ್ಲದ ತಟ್ಟೆ ಕೆಳಗಿಟ್ಟಳು.

"ಬಾಗ್ಲಿನ ಕೀಲ್ ಸಡ್ಲ ಆಯಿತ್ ಅಂಬ್ರ್. ಸಣ್ಣ ರಿಪೇರಿ ಅಂಬ್ರ್" ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಬಚ್ಚಲಲ್ಲ್ ನಮ್ಮ ಹಂಡೆ ಕಾಂತಿಲ್ಲೆ. ನೀನ್ ಎಲ್ಲಾರೂ ಕಂಡ್ಯಾ?"

ನಾನು ಕಾರಿನ ಬೆನ್ನಿನ ಕಡೆ ನೋಡಿದೆ. ಜಗಲಿಯಲ್ಲಿ ಒಳ್ಳೆ ಜಾಗ ನೋಡಿ ಕೂತು, "ಅತ್ತಿಗೆ, ನಂಗೂ ಒಂದ್ ಲೋಟ ಆಸ್ರಿ ಕೊಡಿ, ಬೆಲ್ಲ ಸಲ್ಪ ದೊಡ್ಡದ್ ಇರ್ಲಿ" ಎಂದೆ.